ಎಸ್ಟೀಮ್ ಓಟ ಮುಗಿಸಿತು, ಕಾಕಾ

ಕಳೆದ ವಾರ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ನಮ್ಮ ಹಳೇ ಮಾರುತಿ ಎಸ್ಟೀಮ್ ತನ್ನ ಮೊದಲ ರೇಸನ್ನು ಪೂರ್ತಿ ಓಡಿತು. ಫೋಟೊ ನೋಡಿ ನೀವು ಕಳಿಸಿದ ಮೆಸೇಜುಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತಾ ಹೋದರೆ ಮುಖ್ಯವಾದ ಮಾತೇ ಉಳಿದುಬಿಡುತ್ತದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಹೋದ ವರ್ಷ ನಮ್ಮ ಮನೆಯಲ್ಲಿ ಏನಾಯಿತು, ನಾನು ಕೆಲಸ ಬಿಟ್ಟಿದ್ದು ಯಾಕೆ ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಕೆದಕುವುದಿಲ್ಲ.

2007ರಲ್ಲೇ ತಯಾರಿಕೆ ನಿಂತ ಕಾರಿಗೆ ಎಲ್ಲೆಲ್ಲಿಂದಲೋ ಸಾಮಾನು ಹುಡುಕಿಕೊಟ್ಟ, ಎಂಜಿನ್ನಿನ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಕೇಳಲು ಹೋದರೆ "ಎರಡಿರಲಿ" ಅಂತ ಕೈಗಿಟ್ಟ ಪುಣೆಯ ನಾನಾ ಪೇಠೆಯ ಅಂಗಡಿಯವರು, ಸೀಟು, ಕಾರ್ಪೆಟ್ಟು, ಅದರಡಿಯ ಡಾಂಬರಿನ ಹಾಳೆ ಕೆರೆದು ತೆಗೆಯಲು ತಮ್ಮ ಭಾನುವಾರಗಳನ್ನು ಕೊಟ್ಟ ಕನ್ನಡದ ಗೆಳೆಯರು, ದೇಶದ ಮೋಟಾರ್ ರೇಸಿಂಗ್ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸಿನ ಕಾಗದಪತ್ರಕ್ಕೆ ಓಡಾಡಿದ ತಮ್ಮ, ಗ್ರೈಂಡರ್ ಸದ್ದು ಸಹಿಸಿಕೊಂಡ ನಿಗಡಿ ಪ್ರಾಧಿಕರಣದ ನಮ್ಮ ಓಣಿ, ದುಡ್ಡಿನ ಲೆಕ್ಕ ಒಮ್ಮೆಯೂ ಕೇಳದ ಅಮ್ಮ, ನಿಮಗೆಲ್ಲ ನಾನು ಋಣಿ.

ಭೋಸರಿಯ ವೆಲ್ಡರ್ ಅಣ್ಣನ ಬಗ್ಗೆ ಮಾತ್ರ ಎರಡು ಮಾತು ಹೆಚ್ಚು ಬರೆಯಲೇಬೇಕು. ಸಿಂದಗಿ ಕಡೆಯವರು. ಕಾರು ಪಲ್ಟಿ ಹೊಡೆದರೆ ಒಳಗಿನ ಜೀವ ಉಳಿಸುವುದು ರೋಲ್ ಕೇಜ್, ಅಂದರೆ ಕಾರಿನೊಳಗೆ ಕಟ್ಟುವ ಉಕ್ಕಿನ ಪೈಪುಗಳ ಪಂಜರ. ಅದರ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸದ, 2.5 ಮಿ.ಮೀ. ದಪ್ಪದ ಸೀಮ್‌ಲೆಸ್ ಪೈಪು ಹಾಕಿದ್ದೆವು. ಛಾವಣಿಗೆ ಅಂಟಿಕೊಂಡಿರುವ ಮೇಲಿನ ಜಾಯಿಂಟುಗಳ ಹಿಂಬದಿಗೆ ವೆಲ್ಡಿಂಗ್ ಟಾರ್ಚ್ ಹೋಗುವುದಿಲ್ಲ. ಮುಂದೆ ಕಾಣುವಷ್ಟು ಬೆಸೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಇವರು ಕಾರಿನ ನೆಲಕ್ಕೆ ಕಿಂಡಿ ಕೊರೆದು, ಇಡೀ ಕೇಜನ್ನು ಅದರೊಳಗೆ ಇಳಿಸಿ, ಮೇಲಿನ ಜಾಯಿಂಟುಗಳಿಗೆ ಸುತ್ತಲೂ ವೆಲ್ಡಿಂಗ್ ಕೊಟ್ಟು, ಮತ್ತೆ ಎತ್ತಿ ಪ್ಲೇಟಿನ ಮೇಲೆ ಕೂರಿಸಿದರು. ರೇಸಿಗೆ ಮೊದಲು ಕಾರು ತಪಾಸಣೆ ಮಾಡುವ ಸ್ಕ್ರೂಟಿನಿಯಲ್ಲಿ ಅಧಿಕಾರಿ ಮೊದಲು ಬೆರಳಾಡಿಸಿ ನೋಡಿದ್ದು ಅದೇ ಜಾಗವನ್ನು.

ಇನ್ನು ಪಕ್ಕದ ಮನೆ ಕಾಕಾ.

ಕಾರನ್ನು ಟ್ರ್ಯಾಕಿಗೆ ಒಯ್ಯುವ ಲಾರಿ ಬೆಳಿಗ್ಗೆ ಆರಕ್ಕೆ ಬರುವುದಿತ್ತು. ಹೀಗೆ ಬದಲಾಯಿಸಿದ ಗಾಡಿಯನ್ನು ಮೋಟಾರು ವಾಹನ ಕಾಯ್ದೆ ಪ್ರಕಾರ ರಸ್ತೆಯಲ್ಲಿ ಓಡಿಸುವಂತಿಲ್ಲ, ಹಾಗಾಗಿ ಆ ಲಾರಿ ತಪ್ಪಿದರೆ ರೇಸೂ ತಪ್ಪಿದಂತೆಯೇ. ಹಿಂದಿನ ಸಂಜೆ ಕೊನೆಯದಾಗಿ ಎಂಜಿನ್ ಬಿಸಿ ಮಾಡಿ ಆಯಿಲ್ ಕ್ಯಾಪ್ ತೆಗೆದರೆ ಒಳಗೆ ಹಾಲುಚಹಾದ ಕೆನೆಯಂಥ ನೊರೆ. ಆಯಿಲಿಗೆ ನೀರು ಸೇರಿತ್ತು. ಎಂಜಿನ್ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್ಡನ್ನು ಒಂದು ವರ್ಕ್‌ಶಾಪಿನಲ್ಲಿ ಫೇಸಿಂಗ್ ಮಾಡಿಸಿ, ಅಂದರೆ ತಳ ಸಮತಟ್ಟು ಮಾಡಿಸಿ, ತಂದು ಕೂರಿಸಿದ್ದೆವು. ಆ ತಳ ಸಮವಾಗಿರದಿದ್ದರೆ ನೀರು ಹೀಗೆ ಆಯಿಲಿಗೆ ಇಳಿಯುತ್ತದೆ.

ಊಟ ಮುಗಿಸಿ ಬನಿಯನ್ನು, ಲುಂಗಿಯಲ್ಲಿ ಕಾಕಾ ಕಾಂಪೌಂಡ್ ದಾಟಿ ಬಂದರು. ಸಂಕೇಶ್ವರದವರು. ಇಲ್ಲಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಆಯುಷ್ಯ ಕಳೆದು ನಿವೃತ್ತರಾದವರು. ಕ್ಯಾಪ್ ಮೂಸಿ ನೋಡಿ "ಬಿಚ್ಚೋಣು" ಅಂದರು. ಅಷ್ಟೇ. ಹೆಡ್ ಹೊರಗೆ ಬಂದ ಮೇಲೆ ಅದರ ಮೇಲೆ ಉಕ್ಕಿನ ಸ್ಕೇಲನ್ನು ಕರ್ಣಕ್ಕೆ ಇಟ್ಟು ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಫೀಲರ್ ಗೇಜ್ ತೂರಿಸಿದರು. ಎರಡನೇ ಮತ್ತು ಮೂರನೇ ಸಿಲಿಂಡರ್ ನಡುವೆ 0.15 ಮಿ.ಮೀ.ನ ಎಲೆ ಸಲೀಸಾಗಿ ಹೋಯಿತು. ಸಂದು 0.05ಕ್ಕಿಂತ ಹೆಚ್ಚು ಇರುವಂತಿಲ್ಲ.

ಆ ಹೊತ್ತಿನಲ್ಲಿ ಯಾವ ಮಷಿನ್ ಶಾಪ್ ತೆರೆದಿರುತ್ತದೆ? ಕಾಕಾ ತಮ್ಮ ಮನೆ ಕಡೆ ತಿರುಗಿ "ಆ ಟೀಪಾಯಿ ಗ್ಲಾಸ್ ಕೊಡs" ಅಂತ ಕೂಗಿದರು. ಅವರ ಹೆಂಡತಿ ಕಾಕು ಹೂದಾನಿ, ಪೇಪರು ಎತ್ತಿಟ್ಟು, ದಪ್ಪ ಗಾಜನ್ನು ಸೆರಗಿನಿಂದ ಒರೆಸಿ ತಂದುಕೊಟ್ಟರು. ಯಾಕೆ ಅಂತ ಕೇಳಲಿಲ್ಲ. ಗಾಜಿನ ಮೇಲೆ ಎಮರಿ ಪೇಪರ್ ಅಂಟಿಸಿ, ತುಸು ಡೀಸೆಲ್ ಹನಿಸಿ, ಹೆಡ್ಡನ್ನು ಬೋರಲು ಹಾಕಿ ಎಂಟರ ಆಕಾರದಲ್ಲಿ ತಿಕ್ಕಲು ಶುರು ಮಾಡಿದರು. ಮೊದಲೇ ಹೆಡ್ಡಿನ ಮೇಲೆ ಮಾರ್ಕರಿನಿಂದ ಅಡ್ಡಗೆರೆ ಎಳೆದಿದ್ದರು. ಉಬ್ಬಿದ ಕಡೆ ಗೆರೆ ಅಳಿಯುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ನನ್ನ ಕೈಗೆ ಬಂದಾಗ, "ಒತ್ತಬ್ಯಾಡ ಯವ್ವಾ. ಅಲ್ಯುಮಿನಿಯಂ ಮೆತ್ತಗಿರತೈತಿ, ಅಂಚು ತಿಂದ್ ಬಿಡತೈತಿ. ಅದರ ತೂಕಾನ ಸಾಕು" ಅಂದರು.

ನಡುರಾತ್ರಿ ದಾಟಿದ ಮೇಲೆ ನನ್ನಿಂದ ಆಗಲಿಲ್ಲ. ಗೆರೆಗಳು ನಡುವೆ ಹಾಗೇ ಇದ್ದವು. ಆ ವರ್ಷ ನಾನು ನೆಚ್ಚಿಕೊಂಡಿದ್ದೆಲ್ಲ ಒಂದೊಂದಾಗಿ ಕೈಬಿಟ್ಟು ಹೋಗಿತ್ತು, ಈಗ ಇದೂ ಹೋಯಿತು ಅನ್ನಿಸಿತು. ಬಾಯಿಬಿಟ್ಟು ಹಾಗೇ ಅಂದೆ. ಮೆಟ್ಟಿಲ ಮೇಲೆ ಕೂತು ಅತ್ತೆ. ಆಸ್ಪತ್ರೆಯಲ್ಲಿ ಅಳದಿದ್ದದ್ದನ್ನೂ ಸೇರಿಸಿ ಅತ್ತೆ. ಕಾಕಾ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಅಳೂದು ಅತ್ತು ಮುಗಸು ಯವ್ವಾ. ಹೆಡ್ ನಾ ಹಿಡಕೊಂಡೇನಿ."

ಅದಾದ ಮೇಲೆ ಕಾಕು ಒಗ್ಗರಣೆ ಚುರುಮುರಿ, ಚಹಾ ತಂದರು. ತಿಂದೆವು. ಮತ್ತೆ ಕೂತೆವು.

ನಸುಕಿನ ಹೊತ್ತಿಗೆ ಗೆರೆಗಳೆಲ್ಲ ಅಳಿದವು. ಆದರೆ 0.05ರ ಎಲೆ ಒಂದು ಮೂಲೆಯಲ್ಲಿ ಬಿಗಿಯಾಗಿಯಾದರೂ ಹೋಗುತ್ತಿತ್ತು. ಇಷ್ಟು ಸಾಕಲ್ಲವೇ ಕಾಕಾ ಅಂದೆ. ಅವರು ಹೊಸ ಪೇಪರ್ ಅಂಟಿಸಿದರು. ಆರಕ್ಕೆ ಲಾರಿ ಬಂದು ಹಾರ್ನ್ ಹೊಡೆದಾಗ ಕಾಕಾ ತಲೆ ಎತ್ತಲಿಲ್ಲ. ಹುಬ್ಬಳ್ಳಿಯ ಡ್ರೈವರಣ್ಣ ಕೆಳಗಿಳಿದು ಒಂದು ನಿಮಿಷ ನೋಡಿ, ಎಂಜಿನ್ ಬಂದ್ ಮಾಡಿ, ನನ್ನ ಕೈಯಿಂದ ಬ್ಯಾಟರಿ ಇಸಿದುಕೊಂಡು ಬೆಳಕು ಹಿಡಿದು ನಿಂತರು. ಅವರಿಗೂ ಇಲ್ಲೇ ನಮಸ್ಕಾರ. ಎಲೆ ಎಲ್ಲೂ ಹೋಗದಂತಾದ ಮೇಲೆಯೇ ಹೆಡ್ಡಿನ ಒಂದೊಂದು ತೂತನ್ನೂ ತೊಳೆದು, ಗಾಳಿ ಹೊಡೆದು, ನಾನಾ ಪೇಠೆಯ ಆ ಎರಡನೇ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಹಂತಹಂತವಾಗಿ ಬಿಗಿದದ್ದು. ಕೆಟ್ಟ ಆಯಿಲ್ ಇಳಿಸಿ, ಹೊಸದು ಹಾಕಿ, ಸ್ಟಾರ್ಟ್ ಮಾಡಿ, ಫ್ಯಾನ್ ತಿರುಗುವ ತನಕ ಕಾದೆವು. ಕ್ಯಾಪ್ ಸ್ವಚ್ಛವಾಗಿತ್ತು.

ಲಾರಿ ಹೊರಡುವಾಗ ಕಾಕಾ ಡ್ರೈವರಣ್ಣನಿಗೆ "ಸಂಕೇಶ್ವರದಾಗ ನಿಂತು ಗಾಡಿ ಕಟ್ಟಿದ ಬೆಲ್ಟ್ ಒಮ್ಮಿ ಬಿಗಿ ಮಾಡ್ರಿ" ಅಂದರು. ನಮ್ಮ ಊರುಗಳನ್ನೆಲ್ಲ ದಾಟಿ ಬೆಂಗಳೂರಿನ ಮೇಲೆ ಹಾಯುವ ಅದೇ 48ನೇ ಹೆದ್ದಾರಿ ಟ್ರ್ಯಾಕಿನ ತನಕ ಹೋಗುತ್ತದೆ.

ರೇಸಿನ ದಿನ 3.7 ಕಿ.ಮೀ.ಯ ಒಂದೊಂದು ಸುತ್ತಿನಲ್ಲೂ ಮೇನ್ ಸ್ಟ್ರೇಟಿಗೆ ಬಂದಾಗ ನನ್ನ ಕಣ್ಣು ಟೆಂಪರೇಚರ್ ಮುಳ್ಳಿನ ಮೇಲೆ. ಅದು ಅರ್ಧ ದಾಟಲಿಲ್ಲ. ಪಿಟ್ಟಿಗೆ ಬಂದು ಹೆಲ್ಮೆಟ್ ತೆಗೆದು ಮೊದಲು ಫೋನ್ ಮಾಡಿದ್ದು ಕಾಕಾಗೆ. ಎಷ್ಟನೇ ನಂಬರ್ ಬಂತು ಅಂತ ಅವರು ಕೇಳಲಿಲ್ಲ. "ನೀರು ಎಷ್ಟು ಇಳದೈತಿ?" ಅಂದರು. ಇಳಿದಿಲ್ಲ ಅಂದೆ. ಆ ಕಡೆ ಅವರು ಕಾಕುಗೆ ಜೋರಾಗಿ ಅದನ್ನೇ ಹೇಳುವುದು ಕೇಳಿಸಿತು.

ಧೈರ್ಯ ಹೇಳಲು ಆ ವರ್ಷ ತುಂಬ ಜನ ಬಂದರು. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ನನಗೆ ಆಗ ಮಾತು ಕೇಳಿಸಿಕೊಳ್ಳುವ ಶಕ್ತಿ ಇರಲಿಲ್ಲ. ಪಕ್ಕದಲ್ಲಿ ಕೂತು ನನ್ನ ಪಾಲಿನ ಕೆಲಸಕ್ಕೂ ಕೈ ಹಚ್ಚುವವರೊಬ್ಬರು ಬೇಕಿತ್ತು. ಕಾಕಾ, ನೀವು ಅವತ್ತು ಎದ್ದುಹೋಗಲಿಲ್ಲ. ಇದನ್ನು ನಿಮ್ಮ ಮುಂದೆ ನಿಂತು ಹೇಳಲು ಹೋದರೆ ನೀವು ಗೇರ್‌ಬಾಕ್ಸಿನ ಮಾತು ತೆಗೆಯುತ್ತೀರಿ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಗಾಜಿನ ತುಂಬ ಗೀರು ಬಿದ್ದಿವೆ. ಹೊಸದು ತರುತ್ತೇನೆ ಅಂದರೆ ಕಾಕು ಒಪ್ಪುತ್ತಿಲ್ಲ. ಆದರೂ ಚಿಂಚವಡದಲ್ಲಿ ಅಳತೆ ಕೊಟ್ಟು ಬಂದಿದ್ದೇನೆ, ಶನಿವಾರ ಸಿಗುತ್ತದೆ. ಭಾನುವಾರ ಬೆಳಿಗ್ಗೆ ಕಾರು ಮನೆ ಮುಂದೆ ಇರುತ್ತದೆ. ಮಕ್ಕಳನ್ನೂ ಕರೆದುಕೊಂಡು ಬನ್ನಿ, ಬಕೆಟ್ ಸೀಟಿನಲ್ಲಿ ಕೂರಿಸಿ ಬೆಲ್ಟ್ ಕಟ್ಟಿ ಫೋಟೊ ತೆಗೆಯೋಣ. ಕಾಕಾನೂ ಇರುತ್ತಾರೆ. ಅವರಿಗೆ ಎಡಗಿವಿ ಸ್ವಲ್ಪ ಮಂದ, ಬಲಗಡೆ ನಿಂತು ಮಾತಾಡಿಸಿ.