ತೊಲಿ ಎತ್ತಿ ಕಂಬ ಮಾಡಿದ್ರ ನಡಾ ನೋಯದ ಇರ್ತೈತೇನ್ರಿ?

ಸಂಪಾದಕರಿಗೆ ನಮಸ್ಕಾರ್ರೀ,

ಹೋದ ವಾರ ನಿಮ್ಮ ಪೇಪರಿನ ಆರೋಗ್ಯದ ಪುಟದಾಗ ಬೆನ್ನುನೋವಿನ ಬಗ್ಗೆ ಒಂದು ಲೇಖನ ಬಂದಿತ್ತು. ಮನಷ್ಯಾನ ದೇಹ ಅಂದ್ರ ಒಂದೂ ದೋಷ ಇಲ್ಲದ ಯಂತ್ರ, ನಾವಾ ಕೈಯಾರೆ ಕೆಡಿಸ್ಕೊಂಡೀವಿ, ಹಿಂದಿನ ಕಾಲದವ್ರಿಗೆ ನಡಾ ನೋವು ಅಂದ್ರ ಏನಂತಾನ ಗೊತ್ತಿರಲಿಲ್ಲ ಅಂತ ಬರದಿದ್ರು. ಓದಿ ನಗು ಬಂತು, ನಕ್ಕಿದ್ದಕ್ಕ ನಡಾ ಹಿಡಕೊಂತು, ಅದಕ್ಕ ಈ ಪತ್ರ.

ನಾನು ಗಂಗಾವತಿ ಕಡೆ ಒಂದು ರೈಸ್ ಮಿಲ್‌ನ್ಯಾಗ ಗುಮಾಸ್ತ. ಗುಮಾಸ್ತ ಆಗೂಕಿಂತ ಮೊದಲು ಆರು ವರ್ಷ ಹಮಾಲಿ ಮಾಡೀನಿ, ನಮ್ಮಪ್ಪನೂ ಹಮಾಲನಾ. ನಮ್ಮವ್ವ ಕಾಲುವಿಗೆ ನೀರು ಬಿಟ್ಟ ಕೂಡ್ಲೆ ಭತ್ತ ನಾಟಿ ಹಚ್ಚಾಕ ಹೋಗಾಕಿ, ಮುಂಜಾನಿ ಬಗ್ಗಿದ್ರ ಸಂಜಿತನ ಬಗ್ಗಿದಂಗಾ. ರಾತ್ರಿ ಉಂಡು ಬೋರಲು ಮಲಗಿ ನಮಗ ಹುಡುಗ್ರಿಗೆ ನಡದ ಮ್ಯಾಲ ಹತ್ತಿ ತುಳೀರ್ಯೋ ಅನ್ನಾಕಿ, ನಾನು ನನ್ನ ತಮ್ಮ ಗ್ವಾಡಿ ಹಿಡಕೊಂಡು ಪಾಳಿ ಮ್ಯಾಲ ಆಕೀ ಬೆನ್ನು ತುಳೀತಿದ್ವಿ, ಎಲುಬು ಲಟಕ್ ಅಂದ್ರ ಆಹಾ ಅನ್ನಾಕಿ. ಹಿಂದಿನವ್ರಿಗೆ ನಡಾ ನೋವು ಇರಲಿಲ್ಲಂತ. ಇತ್ರೀ, ಹೇಳ್ಕೊಳ್ಳಾಕ ಪೇಪರ್ ಇರಲಿಲ್ಲ ಅಷ್ಟಾ.

ನನಗ ನಲವತ್ತಾರಕ್ಕ ಬಂತು. ಎಮ್ಮಾರೈ ಮಾಡಿಸಿದ್ರ ಟೊಂಕದ ನಾಕನೇ ಮಣಿ ಐದನೇ ಮಣಿ ನಡುವಿನ ಡಿಸ್ಕ್ ಹೊರಗ ಬಂದೈತಿ ಅಂದ್ರು. ಡಾಕ್ಟ್ರು ಒಬ್ರು, ಯಾರಂತ ಹೇಳಂಗಿಲ್ಲ, ನೀವು ಕುಂದ್ರೂ ರೀತಿ ಸರಿ ಇಲ್ಲ, ನಿಮ್ಮದಾ ತಪ್ಪು ಅಂದುಬಿಟ್ರು. ಬಹಳ ಬ್ಯಾಸರ ಆತು. ಎರಡು ತಿಂಗಳು ಮನ್ಯಾಗ ಬಿದ್ದಾಗ ಕೆಲಸ ಇರಲಿಲ್ಲ, ಮಗಳು ಮೊಬೈಲ್‌ನ್ಯಾಗ ಹುಡುಕಿ ಕೊಟ್ಟದ್ದು ಲೈಬ್ರರಿಯಿಂದ ತಂದಿದ್ದು ಎಲ್ಲಾ ಓದಿಕೋತ ಹೋದೆ, ಆಗ ಗೊತ್ತಾತು, ತಪ್ಪು ನಂದಷ್ಟಾ ಅಲ್ಲ, ಲಕ್ಷಗಟ್ಟಲೆ ವರ್ಷದ್ದು ಒಂದು ಹಳೇ ಬಾಕಿ ಐತಿ ಅಂತ.

ನಮ್ಮ ಕಡೆ ಹಳೇ ಮಾಳಿಗಿ ಮನ್ಯಾಗ ತೊಲಿ ನೋಡಿರ್ತೀರಿ, ಎರಡೂ ತುದಿ ಗ್ವಾಡಿ ಮ್ಯಾಲ ಇಟ್ಟು ಮಣ್ಣಿನ ಭಾರ ಹೊತ್ತು ಅಡ್ಡ ಮಲಗಿರ್ತೈತಿ. ನಾಕು ಕಾಲಿನ ಪ್ರಾಣಿ ಬೆನ್ನೆಲುಬು ಅಂಥಾದ್ದು. ಎತ್ತಿನ್ನ ನೋಡ್ರಿ, ಮುಂದ ಎರಡು ಕಾಲು ಹಿಂದ ಎರಡು ಕಾಲು ನಡುವ ತೊಲಿ, ಹೊಟ್ಟಿ ಅದಕ್ಕ ಜೋತು ಬಿದ್ದಿರ್ತೈತಿ. ಕೋಟಿಗಟ್ಟಲೆ ವರ್ಷ ಹಂಗಾ ನಡದು ಬಂದ ಸಾಮಾನು. ನಮ್ಮ ಪೂರ್ವಜರು ಎರಡು ಕಾಲ ಮ್ಯಾಲ ಎದ್ದು ನಿಂತಾಗ ಯಾರೂ ಹೊಸಾ ಕಂಬ ತಂದು ಕೊಡಲಿಲ್ಲ, ಇದ್ದ ತೊಲಿನ ಎತ್ತಿ ಕಂಬ ಮಾಡ್ಕೊಂಡ್ರು. ತಲಿ ತೋಳು ಎದಿಗೂಡು ಎಲ್ಲಾದರ ಭಾರ ಹೋಗಿ ಟೊಂಕದ ಕೆಳಗಿನ ಎರಡು ಮಣಿ ಮ್ಯಾಲ ಕುಂತ್ತು. ನೆಟ್ಟಗ ನಿಂತ್ರ ಮುಂದ ವಾಲಬಾರದಂತ ಟೊಂಕದ ಹತ್ರ ಬೆನ್ನು ಒಳಗ ಬಾಗ್ತು. ಈ ಬಾಗು ಹುಟ್ಟಾ ಬರಂಗಿಲ್ರಿ, ಹಸುಗೂಸಿನ ಬೆನ್ನು ಕುಡಗೋಲಿನಂಗ ಒಂದಾ ಕಡೆ ಬಾಗಿರ್ತೈತಿ, ಕೂಸು ಕುಂದ್ರಾಕ ನಿಂದ್ರಾಕ ನಡಿಯಾಕ ಕಲಿತಂಗ ಕಲಿತಂಗ ಟೊಂಕದ ಬಾಗು ಮೂಡ್ತೈತಿ. ಮನಷ್ಯಾ ಎದ್ದು ನಿಂತ ಕತಿನ ಪ್ರತಿಯೊಂದು ಮನಿ ಕೂಸು ಒಂದು ಸಲ ಮಾಡಿ ತೋರಿಸ್ತೈತಿ ಅಂತ ಇಟ್ಕೋರಿ.

ಡಿಸ್ಕ್ ಅಂದ್ರ ಏನಂತ ನಮ್ಮ ಹಮಾಲ್ರು ಕೇಳಿದ್ರ ನಾನು ಹೋಳಿಗಿ ಲೆಕ್ಕದಾಗ ಹೇಳ್ತೀನಿ. ಎರಡು ಮಣಿ ನಡುವ ಒಂದು ಹೋಳಿಗಿ, ಹೊರಗ ಗಟ್ಟಿ ಕಣಕ, ಒಳಗ ಮೆತ್ತನ್ನ ಹೂರಣ. ಮುಂದ ಬಗ್ಗಿ ಭಾರ ಎತ್ತಿದಾಗ ಮುಂದಿನ ಅಂಚು ಒತ್ತತೈತಿ, ಹೂರಣ ಹಿಂದಕ್ಕ ಸರೀತೈತಿ, ವರ್ಷಗಟ್ಟಲೆ ಹಿಂಗಾದ ಮ್ಯಾಲ ಕಣಕ ಹರದು ಹೂರಣ ಹೊರಗ ಬಂದು ಕಾಲಿಗೆ ಹೋಗೂ ನರ ಒತ್ತತೈತಿ. ಸ್ಲಿಪ್ ಡಿಸ್ಕ್ ಅಂತ ಹೆಸರಿದ್ರೂ ಯಾವುದೂ ಸ್ಲಿಪ್ ಆಗಿರಂಗಿಲ್ಲ. ಮತ್ತ ದೊಡ್ಡವ್ರ ಡಿಸ್ಕಿಗೆ ಸ್ವಂತ ರಕ್ತನಾಳ ಅಂತ ಇಲ್ಲಾ ಅನ್ನೂವಷ್ಟು ಕಡಿಮಿ, ಅಕ್ಕಪಕ್ಕದ ಎಲುಬಿನಿಂದ ಜಿನುಗಿ ಬಂದದ್ದಾ ಅದಕ್ಕ ಊಟ, ಅದಕ್ಕಾ ಕೈ ಮ್ಯಾಲಿನ ಗಾಯ ಮಾದಂಗ ಲಗೂನ ಮಾಯಂಗಿಲ್ಲ. ಬಹಳ ಮಂದಿಗೆ ಆಪರೇಷನ್ ಇಲ್ಲದಾ ಕೆಲವು ವಾರ, ತಿಂಗಳದಾಗ ನೋವು ಇಳೀತೈತಿ ಅನ್ನೂದೂ ಖರೆ, ನಂದೂ ಹಂಗಾ ಇಳೀತು, ಪೂರ್ತಿ ಹೋಗಿಲ್ಲ.

ನಾನು ಕಾಟಾ ಮ್ಯಾಲ ತೂಕ ಹಿಡಿಯೂ ಮನಷ್ಯಾ, ಲೆಕ್ಕ ಹಾಕಿ ನೋಡಿದೆ. ಟೊಂಕದ ಸ್ನಾಯು ಬೆನ್ನುಮಣಿಯಿಂದ ಬರೇ 5-6 ಸೆಂಟಿಮೀಟರ್ ಹಿಂದ ಇರ್ತೈತಿ. ಬಗ್ಗಿ 50 ಸೆಂಟಿಮೀಟರ್ ಮುಂದಿರೂ ಚೀಲ ಎತ್ತಿದ್ರ ಸನ್ನಿಕೋಲಿನ ಲೆಕ್ಕದಾಗ ಸ್ನಾಯು ಆ ಭಾರದ ಎಂಟ್ಹತ್ತು ಪಟ್ಟು ಜಗ್ಗಬೇಕು, ಅಷ್ಟೂ ಒತ್ತು ಆ ಹೋಳಿಗಿ ಮ್ಯಾಲಾ ಬೀಳೂದು.

ಎದ್ದು ನಿಂತದ್ದು ಯಾವಾಗ ಅಂದ್ರ ಬಹಳ ಹಿಂದ. 1974ರಾಗ ಇಥಿಯೋಪಿಯಾದಾಗ ಲೂಸಿ ಅಂತ ಹೆಸರಿಟ್ಟ ಒಂದು ಹೆಣ್ಣಿನ ಎಲುಬು ಸಿಕ್ವು, ಸುಮಾರು 32 ಲಕ್ಷ ವರ್ಷ ಹಳೇವು, ಆಕೀ ಮಿದುಳು ಚಿಂಪಾಂಜಿದಕ್ಕಿಂತ ಭಾಳ ದೊಡ್ಡದೇನಲ್ಲ, ಆದ್ರ ಟೊಂಕ ಮೊಣಕಾಲು ನೋಡಿದ್ರ ಎರಡು ಕಾಲ ಮ್ಯಾಲ ನಡಿಯಾಕಿ ಅಂತ ಗೊತ್ತಾಗ್ತೈತಿ. 1978ರಾಗ ತಾಂಜಾನಿಯಾದ ಲೇಟೋಲಿಯೊಳಗ ಜ್ವಾಲಾಮುಖಿ ಬೂದಿ ಮ್ಯಾಲ ಮೂಡಿದ ಹೆಜ್ಜಿ ಸಿಕ್ವು, ಅವು ಇನ್ನೂ ಹಳೇವು, 36 ಲಕ್ಷ ವರ್ಷದ್ದು. ಅಂದ್ರ ಬುದ್ಧಿ ಬರೂಕಿಂತ ಮೊದಲಾ ನಡಾ ನೋವಿನ ತಯಾರಿ ಆಗಿತ್ತು. ನನಗ ಬಹಳ ಹಿಡಿಸಿದ್ದು 2015ರಾಗ ಬಂದ ಒಂದು ಸಂಶೋಧನೆ. ಮನಷ್ಯಾರು, ಚಿಂಪಾಂಜಿ, ಒರಾಂಗುಟಾನ್ ಬೆನ್ನುಮಣಿ ಹೋಲಿಸಿ ನೋಡಿದ್ರ, ಡಿಸ್ಕ್ ಹೊರಗ ಬಂದ ಗುರುತು ಇದ್ದ ಮನಷ್ಯಾರ ಮಣಿ ಆಕಾರ ಉಳಿದವ್ರ ಮಣಿಗಿಂತ ಚಿಂಪಾಂಜಿ ಮಣಿಗೆ ಹತ್ರ ಇತ್ತಂತ. ನನ್ನ ಹೆಂಡ್ತಿಗೆ ಓದಿ ಹೇಳಿದೆ, ಆಕಿ "ನನಗ ಮದಿವಿ ಆದ ವರ್ಷಾನ ಗೊತ್ತಾಗಿತ್ತು" ಅಂದ್ಲು.

ಇಷ್ಟು ಲಕ್ಷ ವರ್ಷ ಆದ ಮ್ಯಾಲೂ ಯಾಕ ರಿಪೇರಿ ಆಗಲಿಲ್ಲ ಅಂತ ನೀವು ಕೇಳಬಹುದು, ನಾನೂ ಕೇಳ್ಕೊಂಡೆ. ಜೀವಿಗಳು ಪೀಳಿಗಿಯಿಂದ ಪೀಳಿಗಿಗೆ ಬದಲಾಕ್ಕೋತ ಬರೂದಕ್ಕ ವಿಕಾಸ ಅಂತಾರ, ಆ ವಿಕಾಸಕ್ಕ ನಮ್ಮ ನೋವಿನ ಲೆಕ್ಕ ಇಲ್ರಿ, ಮಕ್ಕಳ ಲೆಕ್ಕ ಅಷ್ಟಾ. ಯಾವ ದೋಷದಿಂದ ಮಕ್ಕಳು ಹುಟ್ಟೂದು, ಬದುಕೂದು ತಪ್ಪತೈತಿ ಆ ದೋಷ ಪೀಳಿಗಿಯಿಂದ ಪೀಳಿಗಿಗೆ ಕಡಿಮಿ ಆಕ್ಕೋತ ಹೋಗ್ತೈತಿ. ನನ್ನ ನಡಾ ಹೋಗೂದ್ರಾಗ ನನ್ನ ಇಬ್ರು ಮಕ್ಕಳು ಹುಟ್ಟಿ ಸಾಲಿಗೆ ಹೋಗಾಕ ಹತ್ತಿದ್ರು, ನನ್ನ ಸವಿಯೂ ಟೊಂಕದ ನಮೂನಿ ಅವರಿಗೆ ಪಾಸಾಗಿ ಆಗಿಬಿಟ್ಟೈತಿ. ಮತ್ತ ಇದ್ದ ಮನಿ ಕೆಡವಿ ಹೊಸದು ಕಟ್ಟಾಕ ವಿಕಾಸಕ್ಕ ಬರಂಗಿಲ್ಲ, ಒಳಗ ಮಂದಿ ವಾಸ ಇರೂವಾಗಾನ ಸ್ವಲ್ಪ ಸ್ವಲ್ಪ ತಿದ್ದಬೇಕು. ಫ್ರಾನ್ಸಿನ ನೊಬೆಲ್ ವಿಜ್ಞಾನಿ ಫ್ರಾಂಸ್ವಾ ಜಾಕೋಬ್ 1977ರಾಗ ವಿಕಾಸವನ್ನ ಇಂಜಿನಿಯರ್‌ಗೆ ಹೋಲಿಸಬ್ಯಾಡ್ರಿ, ಕೈಗೆ ಸಿಕ್ಕ ಹಳೇ ಸಾಮಾನು ಜೋಡಿಸಿ ಕೆಲಸ ನಡಸೂವನಿಗೆ ಹೋಲಿಸ್ರಿ ಅನ್ನೂ ಅರ್ಥದಾಗ ಬರದಿದ್ರು. ನಮ್ಮ ಮಿಲ್ ಫಿಟ್ಟರ್ ನೋಡಿದ್ರ ಆ ಮಾತು ಲಗೂನ ತಿಳೀತೈತಿ, ಟ್ರ್ಯಾಕ್ಟರ್ ಬೆಲ್ಟ್ ಕೊಯ್ದು ಎಲಿವೇಟರಿಗೆ ಹಾಕಿ ಸೀಸನ್ ಮುಗಿಸ್ತಾನ.

ಬರೇ ನಡಾ ಒಂದಾ ಅಲ್ಲ. ಮಿದುಳಿನಿಂದ ಗಂಟಲಿನ ಧ್ವನಿಪೆಟ್ಟಿಗಿಗೆ ಹೋಗೂ ಒಂದು ನರ ಐತಿ, ಗೇಣು ದೂರದ ಕೆಲಸ, ಎಡಗಡೆ ನರ ಸೀದಾ ಹೋಗೂದು ಬಿಟ್ಟು ಎದಿ ಒಳಗಿಳಿದು ಹೃದಯದ ದೊಡ್ಡ ರಕ್ತನಾಳ ಸುತ್ತು ಹಾಕಿ ಮತ್ತ ಮ್ಯಾಲ ಬರ್ತೈತಿ. ಮೀನಿನಂಥಾ ಪೂರ್ವಜರಿಗೆ ಕುತ್ತಿಗಿನಾ ಇರಲಿಲ್ಲ, ಅವರಿಗೆ ಅದು ಸೀದಾ ದಾರಿನಾ ಇತ್ತು, ಕುತ್ತಿಗಿ ಉದ್ದ ಆದಂಗ ನರ ಸಿಕ್ಕೊಂಡು ಉದ್ದ ಆಕ್ಕೋತ ಬಂತು. ಜಿರಾಫೆಯೊಳಗ ಅದಾ ನರ ಮೀಟರ್‌ಗಟ್ಟಲೆ ಸುತ್ತತೈತಿ. ಥೈರಾಯ್ಡ್ ಆಪರೇಷನ್ ಮಾಡೂ ಡಾಕ್ಟ್ರು ಈ ನರಕ್ಕ ಚಾಕು ತಾಗಬಾರದಂತ ಹುಷಾರಿರ್ತಾರ, ತಾಗಿದ್ರ ಧ್ವನಿ ಹೋಗ್ತೈತಿ. ಇದನ್ನ ದೋಷ ಇಲ್ಲದ ಯಂತ್ರ ಅಂತಾರೇನ್ರಿ? ನಮ್ಮ ಮನಿ ವೈರಿಂಗ್ ಹಿಂಗ ಮಾಡಿದ್ರ ಆ ವೈರ್‌ಮನ್‌ಗೆ ರೊಕ್ಕ ಕೊಡ್ತಿದ್ದಿಲ್ಲ.

ಕಣ್ಣಿಂದು ನೀವಾ ನೋಡ್ಕೋರಿ. ಪೇಪರಿನ ಅಂಚಿಗೆ ಎರಡು ಚುಕ್ಕಿ ಇಡ್ರಿ, ನಡುವ 8 ಸೆಂಟಿಮೀಟರ್ ಬಿಡ್ರಿ, ಎಡಗಣ್ಣು ಮುಚ್ಚಿ ಬಲಗಣ್ಣಿಲೆ ಎಡಗಡೆ ಚುಕ್ಕಿನ ನೋಡ್ಕೋತ ಪೇಪರ್ ಹಿಂದ ಮುಂದ ಸರಸ್ರಿ, ಸುಮಾರು ಒಂದು ಫೂಟಿನ ಹತ್ರ ಬಲಗಡೆ ಚುಕ್ಕಿ ಮಾಯ ಆಗ್ತೈತಿ. ನಮ್ಮ ಕಣ್ಣಿನ ನರ ಬೆಳಕು ಹಿಡಿಯೂ ಒಳಗಿನ ಪರದೆ ಮುಂದಿನ ಬದಿಗೆ ಅದಾವು, ಮಿದುಳಿಗೆ ಹೋಗಾಕ ಪರದೆಗೆ ತೂತು ಮಾಡ್ಕೊಂಡು ಹಿಂದ ಹೊಂಟಾವು, ಆ ತೂತಿನ್ಯಾಗ ಬಿದ್ದದ್ದು ಕಾಣಂಗಿಲ್ಲ. ಆಕ್ಟೋಪಸ್ ಕಣ್ಣಿನ್ಯಾಗ ನರ ಹಿಂದಿನ ಬದಿಗಿದಾವು, ಅದಕ್ಕ ಈ ಕುರುಡು ಚುಕ್ಕಿ ಇಲ್ಲ.

ಬುದ್ಧಿಹಲ್ಲಿನ ಕತಿನೂ ಐತಿ, ಬೇಯಿಸಿದ ಮೆತ್ತನ್ನ ಊಟ ಬಂದು ದವಡಿ ಸಣ್ಣದಾತು, ಹಲ್ಲಿನ ಎಣಿಕಿ ಹಂಗಾ ಉಳೀತು, ಕಡೀಗ ಬರೂ ಹಲ್ಲಿಗೆ ಜಾಗ ಇಲ್ಲ. ಸಣ್ಣಂದಿರಾಗ ಗಟ್ಟಿ ಜಗಿದ್ರ ದವಡಿ ಚಲೋ ಬೆಳೀತೈತಂತ, ಅದಕ್ಕ ನಮ್ಮ ಮಕ್ಕಳಿಗೆ ಅನ್ನ ಕಡಿಮಿ ಮಾಡಿ ಖಡಕ್ ಜೋಳದ ರೊಟ್ಟಿ ಕೊಡ್ರಿ ಅಂತ ಅನ್ನಬೇಕು ಅನಸ್ತೈತಿ, ಆದ್ರ ರೈಸ್ ಮಿಲ್‌ನ್ಯಾಗ ಪಗಾರ ತಗೊಳ್ಳೂವನು ನಾನು ಹೆಂಗ ಹೇಳ್ಲಿ. ಹೆರಿಗಿ ಕಷ್ಟದ ಬಗ್ಗೆ, ನಡಿಯೂ ಟೊಂಕಕ್ಕೂ ಕೂಸಿನ ದೊಡ್ಡ ತಲಿಗೂ ಇರೂ ಜಗಳದ ಬಗ್ಗೆ ಹೆಣ್ಮಕ್ಕಳಾ ಬರೀಲಿ, ನನಗ ಆ ಅಧಿಕಾರ ಇಲ್ಲ.

ಇದನ್ನೆಲ್ಲಾ ಮಿಲ್‌ನ್ಯಾಗ ಹೇಳಿದ್ರ ಒಬ್ಬಾಂವ, ಹಂಗಾರ ನಾವು ಮಂಗ್ಯಾನಿಂದ ಬಂದೀವೇನು ಅಂತ ಸಿಟ್ಟಾದ. ಈಗಿನ ಮಂಗ್ಯಾನಿಂದ ಯಾರೂ ಬಂದಿಲ್ಲಪಾ, ಅದು ನಮ್ಮ ದೂರದ ದಾಯಾದಿ, ಚಿಂಪಾಂಜಿ ಹತ್ರದ ದಾಯಾದಿ, ಅವಕ್ಕೂ ನಮಗೂ ಒಂದಾ ಮನಿತನ ಇದ್ದು ಸುಮಾರು 60-70 ಲಕ್ಷ ವರ್ಷದ ಹಿಂದ ಬ್ಯಾರೆ ಆಗೀವಿ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ಆದ್ರ ನನಗ ಒಂದು ತಿಳಿಯಂಗಿಲ್ರಿ, ನಾವು ಕಿಷ್ಕಿಂಧೆ ಮಂದಿ, ಶನಿವಾರ ಅಂಜನಾದ್ರಿಯ 575 ಮೆಟ್ಟಲು ಹತ್ತಿ ಹನುಮಪ್ಪಗ ಕಾಯಿ ಒಡಸ್ತೀವಿ, ಇಳಿಯೂವಾಗ ಮೊಣಕಾಲು ನಡಗ್ತಾವ, ಪಕ್ಕದಾಗ ಮಂಗ್ಯಾ ನಮ್ಮ ಕೈಯಾಗಿನ ಬಾಳೆಹಣ್ಣು ಕಸಗೊಂಡು ಬಂಡಿಗಲ್ಲಿನ ಮ್ಯಾಲ ಟಣ್ಣಂತ ಜಿಗದು ಹೋಗ್ತೈತಿ, ಅಂಥಾ ಊರಾಗ ಮಂಗ್ಯಾನ ಬಳಗ ಅಂದ್ರ ಅವಮಾನ ಹೆಂಗ ಆಗ್ತೈತಿ? ಬಾಲ ಬೇಕಂದ್ರ ಅದೂ ಐತಿ, ತಾಯಿ ಹೊಟ್ಟಿಯೊಳಗ ಮೊದಲಿನ ಕೆಲವು ವಾರ ಎಲ್ರಿಗೂ ಸಣ್ಣ ಬಾಲ ಇದ್ದು ಕರಗ್ತೈತಿ, ಉಳಿದ ಎಲುಬಿನ ತುಣುಕು ಬೈಕ್ ಮ್ಯಾಲಿಂದ ಕೆಳಗ ಬಿದ್ದು ಕುಂತಾಗ ನೆನಪಾಗ್ತೈತಿ.

ನನ್ನ ಮಗಳು ಸಿಬಿಎಸ್‌ಇ ಹತ್ತನೇ ಕ್ಲಾಸು. ಆಕೀ ಸೈನ್ಸ್ ಪುಸ್ತಕದಾಗ ಅನುವಂಶೀಯತೆ ಐತಿ, ವಿಕಾಸ ಇಲ್ಲ. ಕೊರೋನಾ ಆದ ಮ್ಯಾಲ ಮಕ್ಕಳ ಭಾರ ಇಳಸ್ತೀವಿ ಅಂತ ಎನ್‌ಸಿಇಆರ್‌ಟಿಯವ್ರು ಆ ಭಾಗ ತಗದ್ರು, 2023ರಾಗ 1800ಕ್ಕಿಂತ ಹೆಚ್ಚು ವಿಜ್ಞಾನಿಗಳು ಶಿಕ್ಷಕರು ಬ್ಯಾಡ್ರಿ ಅಂತ ಸಹಿ ಮಾಡಿದ್ರು. ಹನ್ನೆರಡನೇ ಕ್ಲಾಸಿನ ಬಯಾಲಜಿಯೊಳಗ ಐತಿ ಅಂತಾರ, ಆದ್ರ ಅಲ್ಲಿತನ ಬಯಾಲಜಿ ತಗೊಂಡು ಹೋಗೂ ಮಕ್ಕಳು ಎಷ್ಟು? ನಮ್ಮ ಹಮಾಲ್ರ ಮಕ್ಕಳಾಗ ನಾನು ಒಬ್ರನ್ನೂ ನೋಡಿಲ್ಲ.

ಎಲ್ಲಾ ನೋವಿಗೂ ವಿಕಾಸಾನಾ ಕಾರಣ ಅಂತ ನಾನು ಅನ್ನಂಗಿಲ್ಲ. ಕೊಪ್ಪಳ ರಾಯಚೂರು ಜಿಲ್ಲೆಯ ಎಷ್ಟೋ ಹಳ್ಳ್ಯಾಗ ಬೋರ್‌ವೆಲ್ ನೀರಿನ್ಯಾಗ ಫ್ಲೋರೈಡ್ ಐತಿ, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೂ ಮಿತಿ ಮೀರಿದ ನೀರು ವರ್ಷಗಟ್ಟಲೆ ಕುಡದು ಹಲ್ಲು ಕಂದಾಗಿ ಬೆನ್ನು ಬಿರಸಾಗಿ ಬಗ್ಗಿದವ್ರು ಅದಾರ. ಅದಕ್ಕ ಲೂಸಿನ ಬೈದ್ರ ಆಗಂಗಿಲ್ಲ, ಶುದ್ಧ ನೀರಿನ ಘಟಕ ಬಂದ್ ಬಿದ್ದದ್ದನ್ನ ರಿಪೇರಿ ಮಾಡಸಬೇಕು.

ಇನ್ನ ಚೀಲದ ವಿಷಯ, ಪತ್ರ ಬರೀಬೇಕು ಅನಿಸಿದ್ದಾ ಇದಕ್ಕ. ನಮ್ಮ ಕಡೆ ಭತ್ತದ ಚೀಲ ಅಂದ್ರ 75 ಕೆಜಿ, ರೇಟು ಹೇಳೂದೂ 75 ಕೆಜಿ ಚೀಲಕ್ಕಾ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಾಗಾ ದೊಡ್ಡ ಗಂಡಸು ಒಬ್ಬ ಕೈಯಿಂದ ಹೊರೂ ಭಾರ 55 ಕೆಜಿ ದಾಟಬಾರದು ಅಂತ ಶಿಫಾರಸು ಮಾಡೈತಿ. ಸಿಮೆಂಟ್ ಚೀಲ 50, ಯೂರಿಯಾ 50 ಇದ್ದದ್ದು 2018ರಾಗ 45 ಆತು, ಅದೂ ಹಮಾಲ್ರ ನಡಾ ನೋಡಿ ಅಲ್ಲ, ರೈತರು ಗೊಬ್ಬರ ಕಡಿಮಿ ಹಾಕ್ಲಿ ಅಂತ. ಭತ್ತದ ಚೀಲ ಮಾತ್ರ ಹಂಗಾ ಐತಿ. ಗೋಣಿಚೀಲದ ಕೊಪ್ಪಿ ತಲಿ ಮ್ಯಾಲ ಹಾಕ್ಕೊಂಡು ಹತ್ತೊಂಬತ್ತು ವರ್ಷದ ಹುಡುಗ ಹಲಗಿ ಹತ್ತಿ ಲಾರಿ ಮ್ಯಾಲ ಚೀಲ ಒಗಿಯೂದು ನೋಡಿದ್ರ ನನಗ ಆ ಚೀಲ ಕಾಣಂಗಿಲ್ರಿ, ಟೊಂಕದ ನಾಕನೇ ಐದನೇ ಮಣಿ ಕಾಣ್ತಾವ.

50 ಕೆಜಿ ಮಾಡ್ರಿ ಅಂದ್ರ ಹಮಾಲ್ರಾ ಒಪ್ಪಂಗಿಲ್ಲ ಅನ್ನೂದು ನನಗ ಗೊತ್ತೈತಿ. ಯಾಕಂದ್ರ ಕೂಲಿ ಚೀಲದ ಲೆಕ್ಕ, ಚೀಲ ಸಣ್ಣದಾದ್ರ ಮಾಲಕರು ಚೀಲದ ರೇಟೂ ಕಡೀತಾರ, ಎರಡು ಸಲ ಹೊರೂದು ಮೂರು ಸಲ ಹೊತ್ತು ಅಷ್ಟಾ ರೊಕ್ಕ ಅಂತ ಅವರ ಹೆದ್ರಿಕಿ, ಮೆಟ್ಟಲು ಹತ್ತೂದು ಇಳಿಯೂದು ಜಾಸ್ತಿ ಆಗ್ತೈತಿ ಅದೂ ಖರೆನಾ. ಅದಕ್ಕ ಚೀಲ ಇಳಸೂವಾಗ ಕ್ವಿಂಟಲ್ ಲೆಕ್ಕದಾಗ ಕೂಲಿ ಏರಿಸಿ ಎಪಿಎಂಸಿಯವ್ರು, ಕಾರ್ಮಿಕ ಇಲಾಖೆಯವ್ರು, ಮಿಲ್ ಮಾಲಕರು, ಹಮಾಲ್ರ ಸಂಘದವ್ರು ಒಂದಾ ಕಡೆ ಕುಂತು ಬರದು ಕೊಡಬೇಕು. ನೆಲದಿಂದ ಎತ್ತೂ ಬದ್ಲಿ ಟೊಂಕದ ಎತ್ತರಕ್ಕ ಒಂದು ಕಟ್ಟಿ ಕಟ್ಟಿಸಿದ್ರೂ ಅರ್ಧ ನೋವು ತಪ್ಪತೈತಿ, ನಮ್ಮ ಮಿಲ್‌ನ್ಯಾಗ ಹೇಳಿ ಹೇಳಿ ಈ ವರ್ಷ ಒಂದು ಕಟ್ಟಿಸ್ಯಾರ, ಸದ್ಯ ಅದರ ಮ್ಯಾಲ ಮಾಲಕರ ಮಗನ ಬೈಕ್ ನಿಂತೈತಿ.

ಪತ್ರ ಉದ್ದ ಆತು, ಬೇಕಾದಷ್ಟು ಕತ್ತರಿಸ್ರಿ, ಚೀಲದ ಭಾಗ ಮಾತ್ರ ಇರ್ಲಿ. ಇದನ್ನ ಬರಿಯಾಕ ಮೂರು ದಿನ ಹಿಡೀತು, ಇಪ್ಪತ್ತು ನಿಮಿಷದ ಮ್ಯಾಲ ಕುಂದ್ರಾಕ ಆಗಂಗಿಲ್ಲ, ಉಳಿದದ್ದು ಕಾಟಾ ಪಕ್ಕದಾಗ ನಿಂತು ಬರದೀನಿ.

ಇಂತಿ,
ಒಬ್ಬ ರೈಸ್ ಮಿಲ್ ಗುಮಾಸ್ತ, ಗಂಗಾವತಿ
(ಹೆಸರು ಹಾಕಬ್ಯಾಡ್ರಿ, ನೌಕರಿ ಐತಿ)