ಕೇಳಿದ ಕತೆ ಅವರಿಗೇ ತಿರುಗಿ ಹೇಳು

ತಂಗಿ,

ಕಾರವಾರದ ನಡುಗಡ್ಡೆಗಳ ಕತೆ ಹಿಡಿದು ನಾಟಕ ಬರೀತೀನಿ ಅಂದಿದ್ದೀಯಲ್ಲ, ಓದಿ ತುಂಬಾ ಖುಷಿಯಾಯಿತು. ಬರಿ. ಆದರೆ ಈಗಲೇ ದೃಶ್ಯಗಳನ್ನು ಜೋಡಿಸಲು ಕೂರಬೇಡ. ನೀನು ಕಳಿಸಿದ ಪುಟಗಳಲ್ಲಿ ಕತೆ ಇದೆ, ಹೇಳಿದ ಅಜ್ಜಿ ಇಲ್ಲ. ಅವಳು ಯಾರನ್ನು ಕೂರಿಸಿಕೊಂಡು ಹೇಳಿದಳು, ಎಲ್ಲಿ ದನಿ ಇಳಿಸಿದಳು, ಮೊಮ್ಮಗ ನಡುವೆ ಬಾಯಿ ಹಾಕಿದಾಗ ಕತೆ ಎತ್ತ ತಿರುಗಿತು, ಯಾವುದೂ ಇಲ್ಲ. ನಿನ್ನ ನಾಟಕ ಇರುವುದೇ ಅಲ್ಲಿ ಅಲ್ವಾ?

ಜೋರಾ ನೀಲ್ ಹರ್ಸ್ಟನ್ ಅಂತ ಅಮೆರಿಕದ ಕಪ್ಪು ಜನಾಂಗದ ಲೇಖಕಿ ಇದ್ದರು. ನಾಟಕವನ್ನೂ ಬರೆದರು, ಫ್ರಾಂಜ್ ಬೋಸ್ ಹತ್ತಿರ ಮಾನವಶಾಸ್ತ್ರವನ್ನೂ ಕಲಿತರು. ಫ್ಲಾರಿಡಾದಲ್ಲಿ ಕತೆ ಸಂಗ್ರಹಿಸಿದರು, ಬಹಾಮಾಸ್, ಜಮೈಕಾ, ಹೈಟಿ ಸುತ್ತಿದರು. 1932ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಬಹಾಮಾಸ್ ಕುಣಿತ ಆಡಿಸಿದಾಗ ಕುಣಿದವರು ಆ ದ್ವೀಪಗಳ ಜನರೇ. ಹಾಡುಗಳನ್ನು ಹೇಗೆ ಕಲಿಯುತ್ತೀರಿ ಅಂತ 1939ರಲ್ಲಿ ಧ್ವನಿಮುದ್ರಣ ಮಾಡುವಾಗ ಹರ್ಸ್ಟನ್ ಅವರನ್ನೇ ಕೇಳಿದ್ದರು. ಗುಂಪಿನಲ್ಲಿ ಸೇರಿ ಕೇಳುತ್ತೇನೆ, ಬಂದಷ್ಟು ದನಿಗೂಡಿಸುತ್ತೇನೆ, ಆಮೇಲೆ ಅವರಿಗೇ ಹಾಡಿ ತೋರಿಸುತ್ತೇನೆ, ನಮ್ಮ ಹಾಗೇ ಹಾಡ್ತೀಯ ಅಂತ ಅವರು ಒಪ್ಪುವ ತನಕ ಬಿಡುವುದಿಲ್ಲ ಎಂಬರ್ಥದ ಮಾತು ಹೇಳಿದರು.

ನೀನೂ ಹಾಗೇ ಮಾಡು. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೋ, ಬೇಡ ಅನ್ನುವುದಿಲ್ಲ, ಆದರೆ ಅಷ್ಟಕ್ಕೇ ಎದ್ದು ಬರಬೇಡ. ಮತ್ತೊಂದು ದಿನ ಹೋಗಿ ಕತೆಯನ್ನು ನೀನೇ ಹೇಳು. ಖಾರ್ವಿ, ಗಾಬಿತ ಮೀನುಗಾರರ ಮನೆಯಲ್ಲಿ ಕೇಳಿದ್ದಾದರೆ ಕೊಂಕಣಿಯಲ್ಲೇ ಹೇಳು, ತಪ್ಪಿದರೂ ಪರವಾಗಿಲ್ಲ. ನೀನು ತಪ್ಪಿದ ಕಡೆ ಅವರು ತಡೆಯುತ್ತಾರೆ, ತಿದ್ದುತ್ತಾರೆ, ಪಕ್ಕದ ಮನೆಯವಳು ಬಂದು ಹಾಗಲ್ಲ ಹೀಗೆ ಅಂತ ಜಗಳ ತೆಗೆಯುತ್ತಾಳೆ. ಸುಮ್ನೆ ಪ್ರಶ್ನೆ ಕೇಳಿದ್ದರೆ ಇಷ್ಟು ಸಿಗುತ್ತಿರಲಿಲ್ಲ.

ಹೋಗುವ ಹೊತ್ತೂ ನೋಡಿಕೋ. ಪುಷ್ಯ ಹುಣ್ಣಿಮೆಗೆ ಕೂರ್ಮಗಡ ನಡುಗಡ್ಡೆಯ ನರಸಿಂಹನ ಜಾತ್ರೆಗೆ ದೋಣಿ ಹತ್ತು, ಎಲ್ಲ ನೋಡು, ಆದರೆ ಅವತ್ತು ಯಾರಿಗೂ ಪುರುಸೊತ್ತು ಇರುವುದಿಲ್ಲ. ಬೆಳಿಗ್ಗೆ ಮೀನು ಮಾರುವವಳ ಮುಂದೆ ಪುಸ್ತಕ ಹಿಡಿದು ನಿಲ್ಲಲೂಬೇಡ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಹೊರಗೆ ಮಳೆ, ಒಳಗೆ ಬಲೆ ರಿಪೇರಿ. ಆಗ ಹೋಗು. ಬಲೆಯ ಒಂದು ತುದಿ ಹಿಡಿದುಕೊಂಡು ಕೂತುಕೋ.

ಅಂಜುದೀವಿ ದ್ವೀಪಕ್ಕೆ ಹೋಗಲಾಗುವುದಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀಯ. ಅದು ಈಗ ನೌಕಾನೆಲೆಯೊಳಗೆ ಸೇರಿದೆ, ನಿಜ. ಆದರೆ ದ್ವೀಪಕ್ಕೆ ಹೋಗದಿದ್ದರೇನು, ಅದನ್ನು ದಿನಾ ನೋಡುತ್ತಿದ್ದವರು ಇದ್ದಾರಲ್ಲ. 1986ರಲ್ಲಿ ನೌಕಾನೆಲೆಗೆ ಅಡಿಗಲ್ಲು ಬಿತ್ತು, ಆಮೇಲೆ ಆ ದಂಡೆಯ ಊರುಗಳಿಂದ ಸಾವಿರಾರು ಜನ ಮನೆ ಬಿಟ್ಟು ಹೋದರು. ಆ ದಂಡೆಯಲ್ಲಿ ಹುಟ್ಟಿದ ಕತೆಯನ್ನು ಕಡಲು ಕಾಣದ ಕಾಲೋನಿಯಲ್ಲಿ ಕೂತು ಹೇಗೆ ಹೇಳುತ್ತಾರೆ? ಏನು ಬಿಡುತ್ತಾರೆ, ಏನು ಸೇರಿಸುತ್ತಾರೆ? ನನಗಂತೂ ಹಳೇ ರಾಕ್ಷಸನ ಕತೆಗಿಂತ ಇದರಲ್ಲೇ ನಾಟಕ ಜಾಸ್ತಿ ಕಾಣುತ್ತದೆ.

ಇನ್ನೊಂದು ಮಾತು. ಹರ್ಸ್ಟನ್ ತಾವು ಸಂಗ್ರಹಿಸಿದ ಒಂದು ಜನಪದ ಕತೆ ಹಿಡಿದು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಜೊತೆ ನಾಟಕ ಬರೆದಿದ್ದರು. ನಾಟಕ ಯಾರದು ಅಂತ ಇಬ್ಬರಿಗೂ ಜಗಳವಾಯಿತು. ಅದು ರಂಗಕ್ಕೆ ಬಂದದ್ದು 1991ರಲ್ಲಿ, ಇಬ್ಬರೂ ತೀರಿಹೋದ ಮೇಲೆ. ನೀನು ಮೊದಲೇ ಮಾತಾಡಿಕೋ. ಹೆಸರು ಹಾಕಲೇ, ಯಾವ ಭಾಗ ರಂಗದ ಮೇಲೆ ಬೇಡ, ಕೇಳು. ಬೇಡ ಅಂದದ್ದನ್ನು ಎಷ್ಟೇ ಚೆನ್ನಾಗಿದ್ದರೂ ಬಿಡು. ಮೊದಲ ಓದು ಅವರ ಜಗುಲಿಯಲ್ಲೇ ಆಗಲಿ. ಆಮೇಲೆ ಶಿರಸಿಗೆ ತಾ, ನಾವು ಕೂತು ಕೇಳುತ್ತೇವೆ.

ನಿನ್ನ ಅಕ್ಕ