ಮೊದಲು ನೀರಿಡು

ಮಲ್ಪೆ

ಪ್ರೀತಿಯ ಅಶ್ವಿನಿ,

ಆಶೀರ್ವಾದಗಳು. ನಿನ್ನೆ ನಿನ್ನ ಅಮ್ಮ ಬಂದಿದ್ದಳು. ನೀನು ಲ್ಯಾಬಿನಿಂದ ರೂಮಿಗೆ ಬರುವಾಗ ರಾತ್ರಿ ಎಂಟು ಆಗುತ್ತದಂತೆ, ಅಡುಗೆ ಮಾಡಲು ಬೇಜಾರಂತೆ, ಬ್ರೆಡ್ಡಿಗೆ ಜಾಮ್ ಹಚ್ಚಿ ತಿಂದು ಮಲಗುತ್ತೀಯಂತೆ. ನಾನು ಬೈಯುವುದಿಲ್ಲ. ಆ ಕೆಲಸವನ್ನು ಅವಳು ಚೆನ್ನಾಗಿಯೇ ಮಾಡುತ್ತಾಳೆ. ಆದರೆ ಮಲ್ಪೆಯಲ್ಲಿ ಹುಟ್ಟಿದ ಹುಡುಗಿ, ಅದೂ ಇಟಲಿಯಲ್ಲಿ ಕೂತುಕೊಂಡು, ಜಾಮ್ ತಿಂದು ಮಲಗುತ್ತಾಳೆ ಅಂದರೆ ಮಾವನಿಗೆ ಹೇಗಾಗಬೇಡ? ಅದಕ್ಕೇ ಈ ಪತ್ರ.

ಹಡಗಿನ ಗ್ಯಾಲಿಯಲ್ಲಿ ಅಡುಗೆ ಮಾಡಿದವನು ನಾನು. ಡ್ಯೂಟಿ ಮುಗಿಸಿ ಬರುವವರ ಹಸಿವು ಹೇಗಿರುತ್ತದೆ ಅಂತ ಗೊತ್ತು. ಅಲ್ಲಿ ಮೊದಲು ಕಲಿಯುವುದೇ ಯಾವುದರ ಹಿಂದೆ ಯಾವುದು ಅನ್ನುವುದನ್ನು. ಅದು ತಲೆಯಲ್ಲಿದ್ದರೆ ಕೈ ತಾನಾಗಿ ಬೇಗ ಓಡುತ್ತದೆ. ಇಟಲಿಯ ನಾಪೊಲಿ ಬಂದರಿನಲ್ಲಿ ಹಡಗು ನಿಂತಾಗಲೆಲ್ಲ ನಾನು ತಿನ್ನುತ್ತಿದ್ದದ್ದು ಒಂದೇ, ಸ್ಪಗೆಟ್ಟಿ ಅಲ್ಲೆ ವೊಂಗೊಲೆ. ಸ್ಪಗೆಟ್ಟಿ ಅಂದರೆ ಉದ್ದ ಎಳೆಯ ಪಾಸ್ತಾ. ವೊಂಗೊಲೆ ಅಂದರೆ ನಮ್ಮ ಮರುವಾಯಿಯ, ಅದೇ ಎರಡು ಚಿಪ್ಪಿನ ಮೀನಿನ, ಬಳಗವೇ. ನಾಪೊಲಿಯವರು ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಇದನ್ನೇ ಮಾಡುತ್ತಾರೆ. ಹಬ್ಬದ ಅಡುಗೆ ಅಂತ ಹೆದರಬೇಡ, ಅರ್ಧ ಗಂಟೆಯ ಕೆಲಸ. ನಿನ್ನ ಅತ್ತೆ ಮಾಡುವ ಮರುವಾಯಿ ಪುಂಡಿ ನೆನಪಿದೆಯಲ್ಲ? ಅಕ್ಕಿ ಉಂಡೆ ಮರುವಾಯಿಯ ರಸ ಕುಡಿದು ಉಬ್ಬುತ್ತದೆ. ಇಲ್ಲಿ ಉಂಡೆಯ ಜಾಗದಲ್ಲಿ ಸ್ಪಗೆಟ್ಟಿ, ಅಷ್ಟೇ.

ಕೊಳ್ಳುವುದರಿಂದ ಶುರು ಮಾಡುತ್ತೇನೆ. ಒಬ್ಬಳಿಗೆ ಚಿಪ್ಪು ಸಮೇತ 250 ಗ್ರಾಂ ಸಾಕು. ಅಲ್ಲಿ ಬಲೆಯ ಚೀಲದಲ್ಲಿ ಕಟ್ಟಿ ಮಾರುತ್ತಾರೆ, ಚೀಲಕ್ಕೆ ಒಂದು ಚೀಟಿ ಇರುತ್ತದೆ. ಎಲ್ಲಿಯದು, ಯಾವತ್ತು ಪ್ಯಾಕ್ ಆದದ್ದು ಅಂತ ಓದು. ಅವು ಜೀವಂತ ಇರಬೇಕು. ಬಾಯಿ ತೆರೆದದ್ದನ್ನು ಬೆರಳಿನಿಂದ ತಟ್ಟಿದರೆ ಮೆಲ್ಲನೆ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ, ಚಿಪ್ಪು ಒಡೆದಿದ್ದರೆ ಬಿಸಾಡು. ಮನೆಗೆ ತಂದ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಇಡಬೇಡ, ಉಸಿರು ಕಟ್ಟಿ ಸಾಯುತ್ತವೆ. ಸಾದಾ ನೀರಿನಲ್ಲೂ ನೆನೆಸಿಡಬೇಡ. ಪಾತ್ರೆಯಲ್ಲಿ ಹಾಕಿ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಡು. ಇನ್ನೊಂದು, ಸೋಮವಾರ ಮೀನಿನ ಅಂಗಡಿಗೆ ಹೋಗಬೇಡ. ಭಾನುವಾರ ದೋಣಿಗಳಿಗೆ ಹೆಚ್ಚಾಗಿ ರಜೆ, ಹೊಸ ಮೀನು ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಆಡ್ರಿಯಾಟಿಕ್ ಸಮುದ್ರದ ಕಡೆ ಕೆಲವು ವಾರ ಬಲೆ ಎಳೆಯುವ ದೋಣಿಗಳಿಗೆ ನಿಷೇಧವೂ ಇರುತ್ತದೆ, ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಇರುವ ಹಾಗೆ. ಆಗ ಫ್ರೋಜನ್ ತಗೋ, ನಾಚಿಕೆ ಏನೂ ಬೇಡ.

ಮರಳಿನ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡ. ರೂಮಿಗೆ ಬಂದವಳೇ, ಚಪ್ಪಲಿ ಬಿಡುವ ಮೊದಲೇ ಬೇಕಾದರೆ, ಒಂದು ಲೀಟರ್ ತಣ್ಣೀರಿಗೆ 30 ಗ್ರಾಂ ಉಪ್ಪು ಹಾಕಿ ಕದಡಿ ಅವನ್ನು ಅದರಲ್ಲಿ ಬಿಡು. ಸಮುದ್ರದ ನೀರು ಹೆಚ್ಚುಕಮ್ಮಿ ಅಷ್ಟೇ ಉಪ್ಪು. ನೀನು ಸ್ನಾನ ಮಾಡಿ ಬರುವಷ್ಟರಲ್ಲಿ ಅವು ಬಾಯಿ ಬಿಟ್ಟು ಮರಳು ಉಗುಳಿರುತ್ತವೆ. ನೀರನ್ನು ಚಿಪ್ಪುಗಳ ಮೇಲೆಯೇ ಸುರಿದು ಬಸಿಯಬೇಡ, ಉಗುಳಿದ ಮರಳೆಲ್ಲ ವಾಪಸ್ ಒಳಗೆ ಹೋಗುತ್ತದೆ. ಕೈಯಲ್ಲಿ ಎತ್ತಿ ತೆಗೆ. ಆಮೇಲೆ ಒಂದೊಂದನ್ನೇ ಸಿಂಕಿನ ಮೇಲೆ, ಬಾಯಿ ಕೆಳಗೆ ಮಾಡಿ ಕುಟ್ಟು. ಒಳ್ಳೆಯದು ಟಕ್ ಅನ್ನುತ್ತದೆ, ಬಾಯಿ ಬಿಡುವುದಿಲ್ಲ. ಸತ್ತು ಕೆಸರು ತುಂಬಿದ್ದು ಬಿಚ್ಚಿಕೊಂಡು ಕಪ್ಪು ರಾಡಿ ಕಾರುತ್ತದೆ. ಅಂಥದ್ದು ಒಂದೇ ಒಂದು ಬಾಣಲೆಗೆ ಬಿದ್ದರೂ ಸಾಕು, ಇಡೀ ಊಟ ಕಸದ ಬುಟ್ಟಿಗೆ. ಎರಡು ನಿಮಿಷದ ಈ ಕೆಲಸಕ್ಕೆ ಸೋಮಾರಿತನ ಮಾಡಬೇಡ ಮಗಳೇ.

ಈಗ ಒಲೆ. ಮೊದಲು ನೀರಿಡು. ಬೆಳ್ಳುಳ್ಳಿ ಸುಲಿದು, ಸೊಪ್ಪು ಹೆಚ್ಚಿ, ಎಲ್ಲಾ ಆದ ಮೇಲೆ ನೀರಿಟ್ಟರೆ ಹದಿನೈದು ನಿಮಿಷ ಸುಮ್ನೆ ನಿಂತಿರಬೇಕು. ಬೇಜಾರು ಬರುವುದೇ ಆ ಹದಿನೈದು ನಿಮಿಷದಲ್ಲಿ. ಇಟಲಿಯವರ ಲೆಕ್ಕ 100 ಗ್ರಾಂ ಸ್ಪಗೆಟ್ಟಿಗೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು. ಮರುವಾಯಿ ಒಳಗೇ ಉಪ್ಪುನೀರು ಇರುತ್ತದೆ, ಹಾಗಾಗಿ ನೀನು 7 ಗ್ರಾಂ ಹಾಕು. ನೀರಿಗೆ ಎಣ್ಣೆ ಹಾಕುವವರನ್ನು ನೋಡಿದ್ದೀಯಾ? ನೀನು ಹಾಕಬೇಡ. ಎಣ್ಣೆ ಮೇಲೆ ತೇಲುತ್ತದೆ, ಏನೂ ಉಪಯೋಗ ಇಲ್ಲ.

ಪೊಟ್ಟಣದ ಸ್ಪಗೆಟ್ಟಿ ಡ್ಯೂರಮ್ ಗೋಧಿಯ ರವೆಯದ್ದು, ನಮ್ಮ ಬನ್ಸಿ ರವೆಯ ಜಾತಿ. ಮೈ ನುಣ್ಣಗೆ ಹಳದಿಯಾಗಿ ಹೊಳೆಯುವುದಕ್ಕಿಂತ ಬಿಳಿಚಿಕೊಂಡು ತರಿತರಿ ಇರುವುದು ಒಳ್ಳೆಯದು. ಕಂಚಿನ ಅಚ್ಚಿನಲ್ಲಿ ಒತ್ತಿದ್ದು ಹಾಗಿರುತ್ತದೆ. ರಸ ಅದರ ಮೈಗೆ ಹಿಡಿಯುತ್ತದೆ. ನಾಪೊಲಿ ಹತ್ತಿರದ ಗ್ರಾನ್ಯಾನೊ ಅನ್ನುವ ಊರಿನದು ಇದಕ್ಕೆ ಹೆಸರುವಾಸಿ. ತುಸು ದುಬಾರಿ, ಆದರೂ ಪಿಜ್ಜಾ ತರಿಸುವುದಕ್ಕಿಂತ ಅಗ್ಗ.

ನೀರು ಕುದಿಯಲು ಬರುವಾಗ ಅಗಲ ಬಾಣಲೆಯಲ್ಲಿ ಎರಡು ಮೂರು ಚಮಚ ಆಲಿವ್ ಎಣ್ಣೆ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ, ಒಂದು ತುಂಡು ಒಣಮೆಣಸು ಹಾಕಿ ಸಣ್ಣ ಉರಿಯಲ್ಲಿಡು. ಎಣ್ಣೆ ತಣ್ಣಗಿರುವಾಗಲೇ ಬೆಳ್ಳುಳ್ಳಿ ಬೀಳಬೇಕು. ಒಗ್ಗರಣೆಯ ಹಾಗೆ ಕೆಂಪಗೆ ಮಾಡಿದರೆ ಕಹಿ. ಪರಿಮಳ ಬಂತಾ, ಉರಿ ಜೋರು ಮಾಡು, ಮರುವಾಯಿ ಸುರಿ, ಬಿಳಿ ವೈನ್ ಇದ್ದರೆ ಒಂದು ಗುಟುಕಿನಷ್ಟು ಹಾಕು, ಮುಚ್ಚಳ ಮುಚ್ಚು. ವೈನ್ ವಿಷಯ ನಿನ್ನ ಅಮ್ಮನಿಗೆ ನಾನು ಹೇಳುವುದಿಲ್ಲ. ಇಲ್ಲದಿದ್ದರೂ ನಡೆಯುತ್ತದೆ. ಮೂರು ನಿಮಿಷದೊಳಗೆ ಟಪ ಟಪ ಅಂತ ಬಾಯಿ ಬಿಡುತ್ತವೆ. ಬಿಟ್ಟ ಹಾಗೆ ಎತ್ತಿ ಬದಿಗಿಡು, ಜಾಸ್ತಿ ಬೇಯಿಸಿದರೆ ರಬ್ಬರ್. ಬಾಯಿ ಬಿಡದ್ದನ್ನು ತಿನ್ನಬೇಡ. ಬಾಣಲೆಯಲ್ಲಿ ಉಳಿದ ಬೂದುಬಣ್ಣದ ನೀರಿದೆಯಲ್ಲ, ಊಟದ ಜೀವವೆಲ್ಲ ಅದರಲ್ಲೇ ಇರುವುದು. ತೆಳು ಬಟ್ಟೆಯಲ್ಲಿ ಸೋಸಿ ಮತ್ತೆ ಬಾಣಲೆಗೆ ಹಾಕು.

ಇಷ್ಟರಲ್ಲಿ ಸ್ಪಗೆಟ್ಟಿ ಕುದಿಯುತ್ತಿರಬೇಕು. ಪೊಟ್ಟಣದಲ್ಲಿ 10 ನಿಮಿಷ ಅಂತಿದ್ದರೆ ನೀನು 7ಕ್ಕೆ ತೆಗೆ. ಬಸಿದು ತಣ್ಣೀರಿನಲ್ಲಿ ತೊಳೆಯುವುದು ಗಿಳಿಯುವುದು ಬೇಡ. ಇಕ್ಕಳದಿಂದ ನೇರವಾಗಿ ಎತ್ತಿ ಆ ರಸಕ್ಕೆ ಹಾಕು. ಒಂದು ಸೌಟು ಸ್ಪಗೆಟ್ಟಿ ಬೆಂದ ನೀರನ್ನೂ ಹಾಕಿ ಜೋರು ಉರಿಯಲ್ಲಿ ಬಾಣಲೆ ಅಲುಗಿಸುತ್ತಾ ಇರು. ಆ ನೀರಿನಲ್ಲಿ ಗೋಧಿಯ ಗಂಜಿ ಇರುತ್ತದೆ. ಎಣ್ಣೆ, ಮರುವಾಯಿಯ ನೀರು, ಗಂಜಿ ಮೂರೂ ಕೂಡಿ ಎರಡು ಮೂರು ನಿಮಿಷದಲ್ಲಿ ಬೆಣ್ಣೆ ಹಾಕಿದ ಹಾಗೆ ದಪ್ಪಗಾಗಿ ಎಳೆಎಳೆಗೂ ಅಂಟಿಕೊಳ್ಳುತ್ತದೆ. ಬಾಣಲೆ ಓರೆ ಮಾಡಿದಾಗ ನೀರು ಬೇರೆ, ಎಣ್ಣೆ ಬೇರೆ ಓಡಿದರೆ ಇನ್ನೂ ಆಗಿಲ್ಲ. ಒಲೆ ಆರಿಸಿ, ಮರುವಾಯಿ ವಾಪಸ್ ಹಾಕಿ, ಪಾರ್ಸ್ಲಿ ಸೊಪ್ಪು ಉದುರಿಸಿ, ಹಸಿ ಆಲಿವ್ ಎಣ್ಣೆ ಒಂದು ಚಮಚ ಬಿಟ್ಟು ಕೂಡಲೇ ತಿನ್ನು. ಫೋಟೋ ತೆಗೆಯುತ್ತಾ ಕೂತರೆ ಮುದ್ದೆಯಾಗುತ್ತದೆ.

ಚೀಸ್ ಹಾಕಬೇಡ. ಹಾಕಿದರೆ ಯಾರೂ ಜೈಲಿಗೆ ಕಳಿಸುವುದಿಲ್ಲ, ಆದರೆ ಸಮುದ್ರದ ರುಚಿಯನ್ನು ಅದು ಮುಚ್ಚಿಬಿಡುತ್ತದೆ. ಅಮ್ಮ ಕಟ್ಟಿಕೊಟ್ಟ ಮೀನು ಮಸಾಲೆ ಪುಡಿಯೂ ಬೇಡ. ಆ ಪುಡಿಯ ಬಗ್ಗೆ ನನಗೆ ಭಾರೀ ಗೌರವ ಇದೆ. ಅದಕ್ಕೆ ಭಾನುವಾರ ಇದೆ, ಕುಚ್ಚಲಕ್ಕಿ ಅನ್ನ ಇದೆ.

ತೀರಾ ಸುಸ್ತಾದ ದಿನ ಫ್ರೋಜನ್ ಸಿಗಡಿ ನೋಡು. ಪ್ಯಾಕೆಟ್ಟಿನಲ್ಲಿ ಮಂಜಿನ ತೂಕ ಕಳೆದ ತೂಕ ಎಷ್ಟು ಅಂತ ಓದಿ ತಗೋ, ಇಲ್ಲದಿದ್ದರೆ ನೀರಿಗೆ ದುಡ್ಡು ಕೊಟ್ಟ ಹಾಗೆ. ಬೆಳಿಗ್ಗೆ ಹೋಗುವಾಗ ಫ್ರಿಜ್ಜಿನ ಕೆಳಗಿನ ತಟ್ಟಿಗೆ ಇಳಿಸು. ರಾತ್ರಿ ಒರೆಸಿ ಒಣಗಿಸಿ, ಬಿಸಿ ಎಣ್ಣೆಯಲ್ಲಿ ಒಂದೊಂದು ಬದಿ ಒಂದು ನಿಮಿಷ, ಸಾಕು. ಸಣ್ಣ ಟೊಮೆಟೊ ಹೊಂದುತ್ತದೆ. ಬೊಂಡಾಸ್, ಅಂದರೆ ಸ್ಕ್ವಿಡ್, ಆದರೆ ಎರಡು ನಿಮಿಷದೊಳಗೆ ಇಳಿಸು, ಇಲ್ಲವಾದರೆ ಮುಕ್ಕಾಲು ಗಂಟೆ ಬೇಯಿಸು. ನಡುವೆ ಇಳಿಸಿದರೆ ಜಗಿದೂ ಜಗಿದೂ ದವಡೆ ನೋಯುತ್ತದೆ.

ಮರುವಾಯಿ ದುಬಾರಿಯಾಗಿದೆ ಅಂತ ನೀನು ಹೇಳಿದೆಯಂತೆ. ನಿಜವೇ. ಪೋ ನದಿ ಸಮುದ್ರ ಸೇರುವಲ್ಲಿ ಗೋರೊ ಅಂತ ಊರಿದೆ, ಇಟಲಿಯ ಮರುವಾಯಿ ಬೆಳೆಗೆ ಅದು ದೊಡ್ಡ ಜಾಗ. 2023ರಲ್ಲಿ ಅಲ್ಲಿ ನೀಲಿ ಏಡಿ ನುಗ್ಗಿ ಮರಿಗಳನ್ನೆಲ್ಲ ತಿಂದು ಹಾಕಿತು. ಅದನ್ನು ಹಿಡಿದು ತೆಗೆಯುವುದಕ್ಕೆ ಸರ್ಕಾರ ಆ ಆಗಸ್ಟ್‌ನಲ್ಲಿ 29 ಲಕ್ಷ ಯೂರೋ ಇಡಬೇಕಾಯಿತು. ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಏಡಿ ಅದು. ಹಡಗುಗಳು ತೂಕ ಸರಿದೂಗಿಸಲು ಹೊಟ್ಟೆಗೆ ತುಂಬಿಕೊಳ್ಳುವ ನೀರಿನ ಜೊತೆ ಬಂದಿರಬೇಕು ಅನ್ನುತ್ತಾರೆ. ತಮಾಷೆ ಏನು ಗೊತ್ತಾ? ಅದು ತಿಂದ ಮರುವಾಯಿಯೂ ಹೆಚ್ಚಾಗಿ ಅಲ್ಲಿನದ್ದಲ್ಲ. ಏಷ್ಯಾದ ಕಡೆಯ ಜಾತಿ, 1983ರಲ್ಲಿ ವೆನಿಸ್‌ನ ಹಿನ್ನೀರಿಗೆ ತಂದು ಬಿಟ್ಟದ್ದು.

ಅಲ್ಲಿನವರಿಗೆ ಏಡಿ ತಲೆನೋವು. ನಮಗೆ ಏಡಿ ಕಂಡರೆ ತಲೆನೋವಾ? ಸಿಕ್ಕಿದರೆ ಒಂದು ತಗೋ. ಚಿಪ್ಪು ಬಿಡಿಸಿ, ಕಿವಿರು ಕಿತ್ತು, ಎರಡು ಹೋಳು ಮಾಡು, ಕೊಂಬುಗಳನ್ನು ಲಟ್ಟಣಿಗೆಯಲ್ಲಿ ಜಜ್ಜು. ಬೆಳ್ಳುಳ್ಳಿ, ಮೆಣಸು, ಟೊಮೆಟೊ ಜೊತೆ ಹದಿನೈದು ನಿಮಿಷ ಬೇಯಿಸಿ ಅದೇ ರಸಕ್ಕೆ ಸ್ಪಗೆಟ್ಟಿ ಹಾಕು. ಕೈಯೆಲ್ಲ ರಾಡಿಯಾಗುತ್ತದೆ, ಹಾಗಾಗಿ ಶನಿವಾರಕ್ಕೆ ಇಟ್ಟುಕೋ. ರೂಮ್‌ಮೇಟ್‌ಗೆ ಕೊಡುವ ಮೊದಲು ಸಿಗಡಿ, ಏಡಿ, ಮರುವಾಯಿ ತಿಂದರೆ ಅಲರ್ಜಿ ಇದೆಯಾ ಅಂತ ಕೇಳು.

ಈ ವಾರ ಒಂದು ಸಲವಾದರೂ ಮಾಡು. ಮಾಡಿ ಫೋನ್ ಮಾಡು, ಆದರೆ ತಿಂದ ಮೇಲೆ. ಆ ಏಡಿ ಕಿಲೋಗೆ ಎಷ್ಟು ಅಂತಲೂ ಕೇಳಿ ಹೇಳು. ನಿನ್ನ ಅತ್ತೆ ಮಲ್ಪೆ ರೇಟಿನ ಜೊತೆ ತಾಳೆ ಹಾಕಲು ಕಾಯುತ್ತಿದ್ದಾಳೆ.

ನಿನ್ನ ಮಾವ